ಇಳಿದ ಮೇಲಿನ ಇಪ್ಪತ್ತೊಂದು ಸೂತ್ರಗಳು

ಪರದೇಶದ ನೆಲದ ಮೇಲೆ ಕಾಲಿಟ್ಟ ಇಪ್ಪತ್ತನೇ ನಿಮಿಷಕ್ಕೆ ನಾನು ಒಬ್ಬ ಸಭ್ಯ ಗೃಹಸ್ಥರ ಪೆಟ್ಟಿಗೆ ಕದ್ದೆ.

ಉದ್ದೇಶಪೂರ್ವಕವಾಗಿ ಅಲ್ಲ, ಸೂತ್ರಪೂರ್ವಕವಾಗಿ. ‘ವಿಮಾನದಿಂದ ಇಳಿದ ಮೇಲೆ ಪೆಟ್ಟಿಗೆ ಸುಲಭವಾಗಿ ಗುರುತು ಸಿಗಲು ಅದರ ಹಿಡಿಗೆ ಕೆಂಪು ರಿಬ್ಬನ್ ಕಟ್ಟಿರಿ’ ಎನ್ನುವುದು ನನ್ನ ಎರಡನೇ ಸೂತ್ರ. ಆ ಸೂತ್ರ ಸಿಕ್ಕಿದ ಪ್ರವಾಸದ ಪುಸ್ತಕವನ್ನು ಓದಿದವಳು ನಾನೊಬ್ಬಳೇ ಎಂದುಕೊಂಡದ್ದು ತಪ್ಪಾಯಿತು. ತಿರುಗುವ ಪಟ್ಟಿಯ ಮೇಲೆ ಕೆಂಪು ರಿಬ್ಬನ್ನಿನ ಪೆಟ್ಟಿಗೆಗಳು ಶಾಲೆಯ ವಾರ್ಷಿಕೋತ್ಸವಕ್ಕೆ ಹೊರಟ ಹುಡುಗಿಯರಂತೆ ಸಾಲಾಗಿ ಬರುತ್ತಿದ್ದವು. ಮೊದಲನೆಯದನ್ನು ಎಳೆದುಕೊಂಡೆ. ಆ ಕಡೆಯಿಂದ ಯಾರೋ ಎಳೆದರು. ನಾನೂ ಬಿಡಲಿಲ್ಲ. ಕೊನೆಗೆ ರಿಬ್ಬನ್ ಬಿಚ್ಚಿಕೊಂಡು ನನ್ನ ಕೈಗೆ ಬಂತು, ಪೆಟ್ಟಿಗೆ ಅವರ ಕಾಲಿನ ಮೇಲೆ ಬಿತ್ತು. ಇಂಥ ಹೊತ್ತಿಗೆಂದೇ ಏಳನೇ ಸೂತ್ರವಿತ್ತು: ‘ಆ ದೇಶದ ಭಾಷೆಯ ಹತ್ತು ಮಾತನ್ನಾದರೂ ಕಲಿತಿರಿ.’ ಕಲಿತಿದ್ದೆ. ಕೈಮುಗಿದು ಕ್ಷಮೆ ಕೇಳಿದೆ. ಅವರು ಕಾಲು ಹಿಡಿದುಕೊಂಡೇ ನನ್ನನ್ನು ಒಂದು ಕ್ಷಣ ನೋಡಿ, ತಲೆ ಬಾಗಿಸಿ, ಏನೋ ಹೇಳಿ ಕುಂಟುತ್ತ ಹೋದರು. ಆಮೇಲೆ ಆ ಭಾಷೆಯ ಪುಸ್ತಕ ತೆಗೆದು ನೋಡಿದರೆ ನಾನು ಹೇಳಿದ್ದು ‘ಹೃತ್ಪೂರ್ವಕ ಅಭಿನಂದನೆಗಳು.’ (ಅವರು ಹೇಳಿದ್ದು ‘ಧನ್ಯವಾದ.’ ಸಭ್ಯ ಗೃಹಸ್ಥರು ಎಂದು ಸುಮ್ಮನೆ ಅನ್ನಲಿಲ್ಲ ನಾನು.)

“ಯಾರೇ ಅವನು?” ಎಂದರು ಅತ್ತೆ.

“ಯಾರೂ ಇಲ್ಲ ಅತ್ತೆ, ಪರಿಚಯ ಮಾಡ್ಕೊಂಡೆ ಅಷ್ಟೆ.”

“ಕಾಲು ಮುರಿದು ಪರಿಚಯ ಮಾಡ್ಕೋಬೇಕಾ?”

ನಾವು ಬಂದಿದ್ದವರು ಮೂವರು: ನಾನು, ನಮ್ಮ ಯಜಮಾನರು, ಅವರ ತಾಯಿ. ನಾನು ಒಂದು ಹೈಸ್ಕೂಲಿನ ಲೈಬ್ರರಿ ನೋಡಿಕೊಳ್ಳುವವಳು. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಓದಿದವಳಾದ್ದರಿಂದ ಪುಸ್ತಕದಲ್ಲಿ ಇಲ್ಲದ್ದನ್ನು ನಂಬುವುದಿಲ್ಲ, ಇದ್ದದ್ದನ್ನು ಪ್ರಾಣ ಹೋದರೂ ಬಿಡುವುದಿಲ್ಲ. ಯಜಮಾನರು ಸರ್ವೇಯರ್. ಊರಿನವರ ಜಮೀನು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಅವರ ಕೆಲಸ. ಮನೆಯಲ್ಲಿ ಅವರ ಮಾತು ‘ಹೂಂ’ ಎಂದು ಶುರುವಾಗಿ ಅಲ್ಲೇ ಮುಗಿಯುತ್ತದೆ. ಅತ್ತೆಗೆ ಎಪ್ಪತ್ತನಾಲ್ಕು. ಪ್ರಯಾಣ ಅವರದ್ದು. ನಾವಿಬ್ಬರೂ ಅವರ ಲಗೇಜು ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಅತ್ತೆಯ ತಂಗಿ ತಮ್ಮ ಮಗಳ ಜೊತೆ ಆ ದೇಶದಲ್ಲಿದ್ದರು. ಹನ್ನೊಂದು ವರ್ಷದ ಹಿಂದೆ ಈ ಅಕ್ಕತಂಗಿಯರ ತಾಯಿ ತೀರಿಕೊಂಡಾಗ ತಂಗಿ ಫೋನು ಮಾಡಿ “ಹೊರಟು ಬರ್ಲಾ ಅಕ್ಕಾ?” ಎಂದು ಕೇಳಿದ್ದರು. ಎಲ್ಲ ಮುಗಿಸಿ, ಮನೆ ತೊಳೆದು, ಗೋಡೆಗೆ ಒರಗಿ ಕೂತಿದ್ದ ಅತ್ತೆ “ಈಗ ಬಂದು ಏನ್ಮಾಡ್ತೀಯ?” ಎಂದುಬಿಟ್ಟಿದ್ದರು. ಅದು ದಣಿದವರ ಮಾತು. ಆ ಕಡೆ ಕೇಳಿಸಿಕೊಂಡವರಿಗೆ ಬೇರೆ ಥರ ಕೇಳಿಸಿತು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ನಾವು ಹೊರಡುವ ತಿಂಗಳ ಮುಂಚೆ ತಂಗಿಯ ಮಗಳು ಸುದ್ದಿ ಕೊಟ್ಟಳು. ಅಮ್ಮನಿಗೆ ಹೃದಯದ ಆಪರೇಷನ್. ಮುಂದಿನ ತಿಂಗಳ ಮೊದಲ ಗುರುವಾರ ಮೂರೂವರೆಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಡಾಕ್ಟರು ಅರ್ಧ ಧೈರ್ಯ ಕೊಟ್ಟಿದ್ದಾರೆ, ಇನ್ನರ್ಧ ತಾವೇ ಇಟ್ಟುಕೊಂಡಿದ್ದಾರೆ. ಮೂರನೇ ದಿನ ಬೆಳಿಗ್ಗೆ ಅತ್ತೆ ಮಗನ ಮುಂದೆ ಬಂದು ನಿಂತು, “ಅವಳು ಒಳಗೆ ಹೋಗೋ ಮುಂಚೆ ನಾನು ಅವಳ ಮುಖ ನೋಡ್ಬೇಕು” ಎಂದರು. ಯಜಮಾನರು “ಹೂಂ” ಎಂದರು. ವೀಸಾ ಆಗಿ, ಟಿಕೆಟ್ ಸಿಕ್ಕಿದ್ದು ಸರಿಯಾಗಿ ಆ ಗುರುವಾರಕ್ಕೇ. ಹನ್ನೆರಡೂವರೆಗೆ ಇಳಿಯುವುದು, ಮೂರೂವರೆಯೊಳಗೆ ಆಸ್ಪತ್ರೆ ಸೇರುವುದು.

“ಮಗಳು ಅಮ್ಮನ ಹಾಸಿಗೆ ಬಿಟ್ಟು ನಮ್ಮನ್ನ ಕರೆಯೋಕೆ ಬರೋದು ಬೇಡ. ಜವಾಬ್ದಾರಿ ನನ್ನದು,” ಎಂದೆ. ಆ ಪದವನ್ನು ಬಿಡಿಸಿ ನೋಡಿದರೆ ಜವಾಬು ಮೊದಲು, ದಾರಿ ಆಮೇಲೆ. ನನ್ನ ಹತ್ತಿರ ಜವಾಬು ಬೇಕಾದಷ್ಟಿತ್ತು. ಲೈಬ್ರರಿಯ ಪ್ರವಾಸದ ಕಪಾಟನ್ನು ಅರೆದು ಕುಡಿದು, ಇನ್ನೂರು ಪುಟದ ನೋಟುಬುಕ್ಕಿಗೆ ‘ಇಳಿದ ಮೇಲೆ’ ಎಂದು ತಲೆಬರಹ ಹಾಕಿ ಇಪ್ಪತ್ತೊಂದು ಸೂತ್ರಗಳನ್ನು ರಚಿಸಿದ್ದೆ. (ನಾನು ವಿಮಾನ ಹತ್ತಿದ್ದು ಅದೇ ಮೊದಲು. ಆದರೆ ಈಜು ಬಾರದವರು ಬರೆದ ಈಜಿನ ಪುಸ್ತಕಗಳೂ ನಮ್ಮ ಲೈಬ್ರರಿಯಲ್ಲಿವೆ. ಮಕ್ಕಳು ಓದುತ್ತಾರೆ. ಇದುವರೆಗೆ ಯಾರೂ ಮುಳುಗಿಲ್ಲ, ಯಾರೂ ನೀರಿಗೆ ಇಳಿದಿಲ್ಲವಾದ್ದರಿಂದ.)

ಮೂರನೇ ಸೂತ್ರದಂತೆ ವಿಮಾನ ನಿಲ್ದಾಣದಲ್ಲೇ ಆ ದೇಶದ ಸಿಮ್ ಹಾಕಿಸಿದೆವು. ಅದಕ್ಕೆ ಜೀವ ಬರುವುದು ಸಂಜೆಗೆ ಎಂದು ಅಂಗಡಿಯವಳು ಗಡಿಯಾರ ತೋರಿಸಿ ಸನ್ನೆ ಮಾಡಿದಳು. ಬಿಚ್ಚಿದ ಹಳೆಯ ಸಿಮ್, ಅದರಲ್ಲಿದ್ದ ತಂಗಿಯ ಮಗಳ ನಂಬರಿನ ಸಮೇತ, ಯಜಮಾನರ ಬೆರಳಿನಿಂದ ಜಾರಿ ನೆಲದ ಜಾಲರಿಯೊಳಗೆ ಹೋಯಿತು. ನನ್ನ ಫೋನನ್ನು ‘ಬೆಲೆಬಾಳುವುದನ್ನು ಒಯ್ಯಬೇಡಿ’ ಎಂಬ ಹತ್ತನೇ ಸೂತ್ರದಂತೆ ಮನೆಯ ಬೀರುವಿನಲ್ಲೇ ಇಟ್ಟು ಬೀಗ ಹಾಕಿ ಬಂದಿದ್ದೆ.

ಹೋಗಲಿ, ಟ್ಯಾಕ್ಸಿ ಇದೆಯಲ್ಲ. ಸೂತ್ರ ಐದು: ‘ಅಧಿಕೃತ ಸಾಲಿನಲ್ಲೇ ನಿಲ್ಲಿ.’ ನಿಂತೆವು. ಟ್ಯಾಕ್ಸಿ ಬಂತು. ಆಸ್ಪತ್ರೆಯ ವಿಳಾಸ ಬರೆದ ಚೀಟಿಯನ್ನು ಯಜಮಾನರು ತೋರಿಸಿದರು. ಚಾಲಕ ಓದಿ, ಬಾಗಿಲಿಗೆ ಕೈ ಹಾಕಿ, ಏನೋ ಕೇಳಿದ. ಯಜಮಾನರು ಗಂಭೀರವಾಗಿ “ಹೂಂ” ಎಂದರು. ಅವನು ಬಾಗಿಲು ಬಿಟ್ಟು, ಹಿಂದೆ ನಿಂತಿದ್ದವರನ್ನು ಕೂರಿಸಿಕೊಂಡು ಹೋದ. ಎರಡನೆಯವನು ಕೇಳಿದ. “ಹೂಂ.” ಅವನೂ ಹೋದ. ಐದನೆಯವನು ಹೋಗುವಾಗ ತಿರುಗಿ ನೋಡಿದ ನೋಟ ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ.

“ಏನ್ರೀ, ಏನು ಹೇಳ್ತಿದ್ದೀರಿ ಅವರಿಗೆ?”

“ಬರ್ತೀರಾ ಅಂತಾರೆ. ಹೂಂ ಅಂತೀನಿ. ಇನ್ನೇನು ಹೇಳ್ಲಿ?”

ಈ ನಡುವೆ ಅತ್ತೆ ಎರಡು ಸಲ ಸಾಲು ಬಿಟ್ಟು ರೈಲಿನ ಚಿತ್ರ ಬರೆದಿದ್ದ ಬೋರ್ಡಿನ ಕಡೆ ನಡೆದುಬಿಟ್ಟರು. ಎರಡು ಸಲವೂ ಓಡಿಹೋಗಿ ಸ್ವೆಟರಿನ ತೋಳು ಹಿಡಿದು ಕರೆತಂದೆ.

“ಅಲ್ವೇ, ಅವಳು ಹೇಳಿದ್ದು ಏನಂದ್ರೆ…”

“ಯಾರು ಹೇಳಿದ್ದೂ ಬೇಡ ಅತ್ತೆ. ಕೇಳಿದ ಮಾತು ನಂಬಿ ಹೆಜ್ಜೆ ಇಡಬಾರದು. ಎಂಟನೇ ಸೂತ್ರ.”

“ನಿನ್ನ ಮಾತೂ ಕೇಳಿದ ಮಾತೇ ತಾನೆ?”

ಅವರ ತೋಳು ಬಿಡದೆ ನೋಟುಬುಕ್ಕಿನ ಪುಟ ತಿರುಗಿಸಿದೆ. ನಲವತ್ತು ನಿಮಿಷ ಕಳೆದ ಮೇಲೆ, ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ವಿಚಾರಣಾ ಕೌಂಟರಿನ ಹುಡುಗಿಯೊಬ್ಬಳು ಕರುಣೆಯಿಂದ ಹತ್ತಿರ ಬಂದು ಹರಕು ಇಂಗ್ಲಿಷಿನಲ್ಲಿ ವಿಷಯ ತಿಳಿಸಿದಳು. ಬಾಯಿ ಮುಚ್ಚಿಕೊಂಡು ಮೂಗಿನಿಂದ ಹೊರಡಿಸುವ ಆ ಶಬ್ದಕ್ಕೆ ಅವರ ಭಾಷೆಯಲ್ಲಿ ಒಂದೇ ಅರ್ಥ: ‘ಬೇಡ, ಹೋಗು.’

ಹಾಗಾದರೆ ಇಪ್ಪತ್ತಾರು ವರ್ಷಗಳಿಂದ ಇವರು ನನಗೆ ಹೇಳುತ್ತ ಬಂದಿರುವ ಹೂಂ ಯಾವ ಭಾಷೆಯದು ಎಂಬ ಘನವಾದ ಪ್ರಶ್ನೆ ಹುಟ್ಟಿತು. ಅಲ್ಲಿ ಕೇಳಲು ಸಮಯವಿರಲಿಲ್ಲ. ಈಗ ಸಮಯವಿದೆ, ಧೈರ್ಯವಿಲ್ಲ.

ಅಷ್ಟು ಹೊತ್ತಿಗೆ ಟ್ಯಾಕ್ಸಿ ಸಾಲು ಬಾಲ ಬೆಳೆಸಿಕೊಂಡು ಕಟ್ಟಡದಾಚೆಗೆ ಹೋಗಿತ್ತು. ಹುಡುಗಿ ನಮ್ಮನ್ನು ರೈಲಿಗೆ ಹತ್ತಿಸಿದಳು. ಆಗ ಗಂಟೆ ಎರಡೂ ಹತ್ತು. ಅತ್ತೆಯನ್ನು ಬಾಗಿಲ ಪಕ್ಕದ ಸೀಟಿನಲ್ಲಿ ಕೂರಿಸಿ, ಅವರ ಕೈ ಹಿಡಿದುಕೊಂಡು ನಿಂತೆ. ಅವರು ಇನ್ನೊಂದು ಕೈಯ ಬೆರಳ ಗೆಣ್ಣುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತಿದ್ದರು. ಪಾಪ, ದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡೆ.

ಏಳನೇ ನಿಲ್ದಾಣ ಹತ್ತಿರ ಬಂದಾಗ ನನಗೆ ಅನುಮಾನ ಶುರುವಾಯಿತು. ಅತ್ತೆಯ ಕೈ ಬಿಟ್ಟು ನೋಟುಬುಕ್ಕು ತೆಗೆದೆ. ಒಳಗಿದ್ದ ಭೂಪಟ ಬಿಡಿಸಿದೆ. ಭೂಪಟದ ಪ್ರಕಾರ ನದಿ ಎಡಕ್ಕಿರಬೇಕು, ಕಿಟಕಿಯಲ್ಲಿ ಅದು ಬಲಕ್ಕಿತ್ತು. ಸೂತ್ರ ಹದಿನಾಲ್ಕು: ‘ಸಂದೇಹ ಬಂದ ಕೂಡಲೇ ಇಳಿದುಬಿಡಿ.’

“ಇಳೀರಿ, ಇಳೀರಿ! ತಪ್ಪು ರೈಲು!”

ಯಜಮಾನರು ಎರಡು ಪೆಟ್ಟಿಗೆಗಳೊಂದಿಗೆ ಇಳಿದರು. ನಾನು ಸೂತ್ರದ ಮುಂದಿನ ಸಾಲು ಓದುತ್ತ ಇಳಿದೆ. ಬಾಗಿಲು ಮುಚ್ಚಿತು. ತಿರುಗಿ ನೋಡಿದರೆ ಅತ್ತೆ ಗಾಜಿನ ಆಚೆ, ಕೂತಲ್ಲೇ ಕೂತಿದ್ದರು. ಕೈ ಎತ್ತಿದರು. ರೈಲು ಹೊರಟಿತು. ಅದರ ಗಾಳಿಗೆ ನನ್ನ ಕೈಯ ಭೂಪಟ ಗಾಳಿಪಟವಾಗಿ ಹಳಿಯ ಮೇಲೆ ಹಾರಿಹೋಯಿತು. ಮಡಿಕೆ ಬಿಚ್ಚಿಕೊಂಡು ಹಾರುವಾಗ ಗೊತ್ತಾಯಿತು, ನಾನು ಅದನ್ನು ತಲೆಕೆಳಗಾಗಿ ಹಿಡಿದಿದ್ದೆ.

ಇನ್ನು ಮುಂದಿನದನ್ನು ತಮಾಷೆ ಮಾಡಿ ಹೇಳಲು ನನ್ನಿಂದಾಗುವುದಿಲ್ಲ. ಭಾಷೆ ತಿಳಿಯದ, ಫೋನಿಲ್ಲದ, ಎಪ್ಪತ್ತನಾಲ್ಕು ವರ್ಷದ ಹೆಂಗಸನ್ನು, ಅವರ ಬಾಳಿನಲ್ಲೇ ಅತಿ ಅವಸರದ ದಿನ, ನಾನು ಕಳೆದಿದ್ದೆ.

ನಿಲ್ದಾಣದ ಅಧಿಕಾರಿ ಒಂದು ಸಣ್ಣ ಕೋಣೆಯಲ್ಲಿ ನಮ್ಮನ್ನು ಕೂರಿಸಿ ಕಾಗದ ತೆಗೆದ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಎತ್ತರ ಎಷ್ಟು, ಏನು ತೊಟ್ಟಿದ್ದಾರೆ ಎಂದು ಕೇಳಿದ. ಸ್ವೆಟರ್ ಎಂದೆ. ಯಾವ ಬಣ್ಣ? ಎರಡು ಸಲ ತೋಳು ಹಿಡಿದು ಎಳೆದು ತಂದಿದ್ದೆನಲ್ಲ, ಬಣ್ಣ ನೋಡಿರಲಿಲ್ಲ. ಕಾನ್ವೆಂಟಿನ ಇಂಗ್ಲಿಷ್ ಪೂರ್ತಿ ನನ್ನ ನಾಲಿಗೆಯ ತುದಿಯಲ್ಲಿತ್ತು, ಹೇಳಲು ಏನೂ ಇರಲಿಲ್ಲ.

“ಬೂದು ಬಣ್ಣ,” ಎಂದರು ಯಜಮಾನರು ಮೆಲ್ಲಗೆ. “ಮೂರನೇ ಗುಂಡಿ ಮಾತ್ರ ಕಪ್ಪು. ನಿನ್ನೆ ನಾನೇ ಹೊಲಿದುಕೊಟ್ಟೆ. ಬಲಗಾಲು ಸ್ವಲ್ಪ ಎಳೀತಾರೆ, ಹೇಳು ಅವನಿಗೆ.”

ಒಂದೇ ಉಸಿರಿಗೆ ಇಷ್ಟು ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಧಿಕಾರಿ ಅಲ್ಲಿಗೆ ಇಲ್ಲಿಗೆ ಫೋನು ಮಾಡಿದ. ಅಂಥವರು ಯಾವ ನಿಲ್ದಾಣದಲ್ಲೂ ಅಳುತ್ತ ನಿಂತಿಲ್ಲ ಎಂಬ ಉತ್ತರ ಬಂತು. ಗಂಟೆ ಮೂರಾಯಿತು. ‘ತಪ್ಪಿಹೋದವರು ಇದ್ದಲ್ಲೇ ಇರಬೇಕು’ ಎನ್ನುತ್ತದೆ ಹದಿನೆಂಟನೇ ಸೂತ್ರ. ತಪ್ಪಿಹೋದವರು ನಾವೋ ಅವರೋ ಎಂಬುದನ್ನು ಅದರಲ್ಲಿ ಬರೆದಿರಲಿಲ್ಲ.

ಯಜಮಾನರು ಎದ್ದರು. “ಚಿಕ್ಕಮ್ಮನ ಹತ್ರ ಹೋಗೋಣ ನಡಿ. ಅಕ್ಕ ಬಂದಿದ್ದಾಳೆ, ಇದೇ ಊರಲ್ಲಿ ಎಲ್ಲೋ ಇದ್ದಾಳೆ ಅಂತ ಹೇಳೋಕಾದ್ರೂ ಒಬ್ರು ಬೇಕಲ್ಲ.”

ಆಸ್ಪತ್ರೆಗೆ ಹೋಗುವುದು ಹೇಗೆ ಎಂದು ಅಧಿಕಾರಿಯನ್ನು ಕೇಳಿದೆ. ಅವನು ನಾವು ಇಳಿದ ಪ್ಲಾಟ್‌ಫಾರ್ಮನ್ನೇ ತೋರಿಸಿದ. ಅದೇ ರೈಲು, ಅದೇ ದಿಕ್ಕು, ಇನ್ನು ಎರಡು ನಿಲ್ದಾಣ.

ಆಸ್ಪತ್ರೆಯೊಳಗೆ ಓಡಿದಾಗ ಮೂರೂಕಾಲು. ಮುಂದಿನ ಮೇಜಿನವರಿಗೆ “ಸಿಸ್ಟರ್, ಸಿಸ್ಟರ್, ನಮ್ಮತ್ತೆಯ ಸಿಸ್ಟರ್” ಎಂದು ಇಂಗ್ಲಿಷಿನಲ್ಲಿ ಗೋಗರೆದೆ. ಅವರು ಒಬ್ಬ ನರ್ಸನ್ನು ಕರೆದರು. ಅವಳಲ್ಲ ಎಂದೆ. ಇನ್ನೊಬ್ಬಳನ್ನು ಕರೆದರು. ಯಜಮಾನರು ಸುಮ್ಮನೆ ಚೀಟಿಯಲ್ಲಿದ್ದ ಕೋಣೆಯ ನಂಬರನ್ನು ಬೆರಳಿಟ್ಟು ತೋರಿಸಿದರು.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಾಸಿಗೆಯ ಮೇಲೆ ತಂಗಿ ಕಾಲು ಚಾಚಿ ಕೂತಿದ್ದರು. ಅವರ ಬೆನ್ನ ಹಿಂದೆ ಹಾಸಿಗೆ ಏರಿ ಕೂತು, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು, ಬೂದು ಬಣ್ಣದ ಸ್ವೆಟರಿನ ಅತ್ತೆ ಜಡೆ ಹೆಣೆಯುತ್ತಿದ್ದರು.

“ಅಷ್ಟು ಬಿಗಿ ಹಾಕ್ಬೇಡ ಅಕ್ಕಾ, ನೋಯುತ್ತೆ.”

“ಟೋಪಿ ಹಾಕ್ತಾರೆ ಒಳಗೆ. ಒಂದು ಕೂದಲೂ ಆಚೆ ಬರಬಾರ್ದು. ಅಲ್ಲಾಡದೆ ಕೂತ್ಕೋ.”

“ಚಿಕ್ಕವಳಿದ್ದಾಗಲೂ ಹೀಗೇ ಎಳೀತಿದ್ದೆ.”

“ಆಗಲೂ ಹೀಗೇ ಗೊಣಗ್ತಿದ್ದೆ.”

ಹನ್ನೊಂದು ವರ್ಷದ ಮುನಿಸಿನ ರಾಜಿ ಅಷ್ಟರಲ್ಲೇ ಮುಗಿದಿತ್ತು. ಯಜಮಾನರು ಬಾಗಿಲ ಚೌಕಟ್ಟಿಗೆ ಒರಗಿ ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿಕೊಂಡರು. ಅವರ ಚಿಕ್ಕಮ್ಮನ ಮಗಳು ನನಗೆ ಕುರ್ಚಿ ಎಳೆದುಕೊಟ್ಟು ಪಿಸುಮಾತಿನಲ್ಲಿ ಹೇಳಿದಳು: ದೊಡ್ಡಮ್ಮ ಎರಡೂ ಮುಕ್ಕಾಲಿಗೇ ಬಂದಾಯಿತು. ಟಿಕೆಟ್ ಸಿಕ್ಕಿದ ದಿನ ಅಮ್ಮನೇ ತಡೆಯಲಾರದೆ ಅಕ್ಕನಿಗೆ ಫೋನು ಮಾಡಿದ್ದರಂತೆ. “ರೈಲು ಹತ್ತು, ಒಂಬತ್ತನೇ ನಿಲ್ದಾಣ, ಇಳಿದು ಎಡಕ್ಕೆ ತಿರುಗಿದ್ರೆ ಆಸ್ಪತ್ರೆ, ಅಲ್ಲಿ ನನ್ನ ಹೆಸರು ಹೇಳು,” ಅಷ್ಟೇ ಹೇಳಿದ್ದಂತೆ. ನಾನು ದೇವರ ಧ್ಯಾನ ಎಂದುಕೊಂಡದ್ದು ನಿಲ್ದಾಣದ ಲೆಕ್ಕ.

ಮೂರೂವರೆಗೆ ಗಾಲಿಮಂಚ ಬಂತು. ತಂಗಿ ಮಲಗಿಕೊಂಡು ಅಕ್ಕನ ಕೈ ಹುಡುಕಿದರು.

“ಆಚೆ ಬರೋವಾಗ ಇರ್ತೀಯಲ್ಲ?”

“ಇನ್ನೆಲ್ಲಿಗೆ ಹೋಗ್ಲಿ? ನಂಗೆ ಇದೊಂದೇ ದಾರಿ ಗೊತ್ತಿರೋದು.”

ಆಪರೇಷನ್ ಥಿಯೇಟರಿನ ಬಾಗಿಲ ಹೊರಗೆ ನಾಲ್ವರೂ ಸಾಲಾಗಿ ಕೂತೆವು. ಏಳು ಗಂಟೆಗೆ ಡಾಕ್ಟರು ಹೊರಗೆ ಬಂದು ಮುಖಗವಸು ಇಳಿಸಿ ನಕ್ಕರು. ಅದಕ್ಕೆ ಅರ್ಥ ಹುಡುಕಲು ನಾನು ಪುಸ್ತಕ ತೆಗೆಯಲಿಲ್ಲ.

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಅತ್ತೆಯ ಪಕ್ಕಕ್ಕೆ ಸರಿದು ಅವರ ಎರಡೂ ಕೈ ಹಿಡಿದುಕೊಂಡೆ. ಇನ್ನು ಜನ್ಮದಲ್ಲಿ ಇವರನ್ನು ಜನಸಂದಣಿಯಲ್ಲಿ ಬಿಡಬಾರದು, ಎಡವಿದ್ದು ಎಲ್ಲಿ ಎಂದು ತಿಳಿದು ತಿದ್ದಿಕೊಳ್ಳಬೇಕು ಎಂದು ನಿಶ್ಚಯಿಸಿ ಬಿಕ್ಕುತ್ತಲೇ ಕೇಳಿದೆ:

“ಕೈ ಹಿಡ್ಕೊಂಡೇ ನಿಂತಿದ್ದೆನಲ್ಲ ಅತ್ತೆ, ಅದು ಹೇಗೆ ತಪ್ಪಿಸ್ಕೊಂಡ್ರಿ ನೀವು?”

ಅತ್ತೆ ನನ್ನ ಕೈಯನ್ನು ಸಮಾಧಾನವಾಗಿ ತಟ್ಟಿದರು.

“ಟ್ಯಾಕ್ಸಿ ಹತ್ರ ಎರಡು ಸಲ ನೋಡಿದೆ, ಆಗ್ಲಿಲ್ಲ,” ಎಂದರು. “ರೈಲಲ್ಲಿ ನೀನು ಪುಸ್ತಕ ತೆಗೆದೆ ನೋಡು, ಆಗ ಸುಲಭ ಆಯ್ತು.”