ಕುಕ್ಕರ್ ಹೊತ್ತು ಕ್ಯಾಸಿನೊ ಊರಿಗೆ

ಬೇರೆ ಹೆಂಗಸರಿಗೆ ಸಿಟ್ಟು ಆಗೊಮ್ಮೆ ಈಗೊಮ್ಮೆ ಬರುತ್ತದಂತೆ. ನನ್ನ ವಿಷಯ ಹಾಗಲ್ಲ. ಸಿಟ್ಟು ಬರಿಸುವ ಸಂಗತಿಗಳು ನಮ್ಮ ಮನೆಯ ವಿಳಾಸ ಕೇಳಿಕೊಂಡೇ ಬರುತ್ತವೆ, ಬಂದ ಮೇಲೆ ಊಟಕ್ಕೂ ನಿಲ್ಲುತ್ತವೆ. ಈ ಪ್ರಸಂಗಗಳನ್ನು ಹೇಳಿದಾಗಲೆಲ್ಲ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ನಗಲಿ. ನನಗಂತೂ ಇನ್ನೂ ನಗು ಬಂದಿಲ್ಲ.

ಮೆಸ್ಸಿನ ರೇಟು

ಮದುವೆಯಾಗಿ ಕುವೈತಿಗೆ ಬಂದ ಹೊಸತರಲ್ಲಿ ನನ್ನ ಗಂಡ ಒಂದು ದಿನ, “ಶುಕ್ರವಾರ ನಮ್ಮ ಊರಿನವ ಒಬ್ಬ ಊಟಕ್ಕೆ ಬರ್ತಾನೆ. ಪಾಪ, ರೂಮಲ್ಲಿ ಅಂಗಡಿಯ ಖುಬೂಸ್ ರೊಟ್ಟಿ ತಿಂದು ತಿಂದು ನಾಲಿಗೆ ಸತ್ತುಹೋಗಿದೆ” ಎಂದರು. ಅವನು ಬಂದ. ನನಗೂ ಪಾಪ ಅನ್ನಿಸಿತು, ನಾನೇ ಒತ್ತಾಯ ಮಾಡಿ ಎರಡನೇ ಸಲ ಬಡಿಸಿದೆ. ಮುಂದಿನ ವಾರ ಅವನ ಜೊತೆ ಇನ್ನೊಬ್ಬ ಬಂದ. ಆಮೇಲೆ ಶುವೈಖ್‌ನ ಗ್ಯಾರೇಜಿನವರು, ಸುಲೈಬಿಯಾದ ಗೋದಾಮಿನವರು, ಅವರ ರೂಮಿನವರು, ರೂಮಿನವರ ಭಾವಂದಿರು. ಕೆಲವರು ಮದುವೆಯಾಗಿ ಹೆಂಡತಿಯನ್ನು ಕರೆಸಿಕೊಂಡು ನಮ್ಮಲ್ಲಿಗೆ ಬರುವುದನ್ನು ಬಿಟ್ಟರು. ಅವರ ಜಾಗ ಒಂದು ವಾರವೂ ಖಾಲಿ ಉಳಿಯಲಿಲ್ಲ.

ಶುಕ್ರವಾರ ಇಡೀ ಕುವೈತಿಗೆ ರಜೆ. ನನಗೂ ಶಾಲೆಗೆ ರಜೆ. ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳಿ ಐದು ದಿನ ಗಂಟಲು ಹರಿದುಕೊಂಡವಳು ಆರನೇ ದಿನ ಬೆಳಿಗ್ಗೆಯೇ ತೆಂಗಿನಕಾಯಿ ತುರಿಯಲು ಕೂರಬೇಕು. ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಹಸಿದವರು ಕರೆದಲ್ಲಿಗೆ ಬರುತ್ತಾರೆ. ಸಿಟ್ಟು ಇರುವುದು ಕರೆದವರ ಮೇಲೆ. ಇವರು ಒಂದು ಈರುಳ್ಳಿಯ ಸಿಪ್ಪೆಯನ್ನೂ ತೆಗೆದವರಲ್ಲ. ಎಲ್ಲರ ನಡುವೆ ಕೂತು, “ನಾಚಿಕೆ ಮಾಡ್ಬೇಡಿ, ತಗೊಳ್ಳಿ, ಒಳಗೆ ಇನ್ನೊಂದು ಮೀನು ಉಂಟು” ಎನ್ನುತ್ತಾರೆ. ಆ ಇನ್ನೊಂದು ಮೀನು ನನ್ನದು.

ಒಂದು ಶುಕ್ರವಾರ ನಮ್ಮ ಕಟ್ಟಡ ಕಾಯುವ ಹಾರಿಸ್ ಲಿಫ್ಟಿನ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದ. ನಮ್ಮ ಬಾಗಿಲ ಮುಂದಿನ ಚಪ್ಪಲಿ ರಾಶಿಯನ್ನು ಅವನು ಬಹಳ ವಾರಗಳಿಂದ ನೋಡುತ್ತಿದ್ದನಂತೆ. “ಮದಾಮ್, ನಿಮ್ಮ ಮೆಸ್ಸಿಗೆ ತಿಂಗಳಿಗೆ ಎಷ್ಟು? ನನ್ನ ತಮ್ಮನೂ ಇದ್ದಾನೆ.”

ನನಗೆ ಮೈಯೆಲ್ಲ ಉರಿಯಿತು. ದಡದಡ ಮನೆಗೆ ಬಂದು, “ಕೇಳಿದಿರಾ? ನಾನು ಮೆಸ್ ಇಟ್ಟಿದ್ದೇನಂತೆ! ತಮ್ಮನನ್ನು ಸೇರಿಸಲಿಕ್ಕೆ ರೇಟು ಕೇಳ್ತಾನೆ!” ಎಂದು ಇವರ ಎದುರು ಕೂಗಾಡಿದೆ.

ಇವರಿಗೂ ಬೇಸರವಾಯಿತು. “ಛೆ ಛೆ, ನಮ್ಮಲ್ಲಿ ಎಂತಕ್ಕೆ ದುಡ್ಡು? ಸುಮ್ಮನೆ ಬರಲಿಕ್ಕೆ ಹೇಳು ಪಾಪ.”

ಒಂದೇ ಬಾಡಿಗೆ

ನನ್ನ ಐವತ್ತನೇ ಹುಟ್ಟುಹಬ್ಬ ಶುಕ್ರವಾರವೇ ಬಿತ್ತು. ಇವರು ಮೊದಲೇ ಕೇಳಿದರು, “ಎಂತ ಬೇಕು ಹೇಳು. ಬಳೆಯಾ, ಸರವಾ?”

“ಒಂದು ಶುಕ್ರವಾರ ನಾನು ಒಲೆ ಹಚ್ಚುವುದಿಲ್ಲ. ಅಷ್ಟು ಕೊಡಿ ಸಾಕು.”

“ಅಷ್ಟೇಯಾ?” ಎಂದು ನಕ್ಕರು. ಇವರ ಆಫೀಸು ಶರ್ಕ್‌ನಲ್ಲಿ, ಗಾಜಿನ ಕಟ್ಟಡದ ಹದಿನಾಲ್ಕನೇ ಮಹಡಿ. ಅಷ್ಟು ಎತ್ತರದಲ್ಲಿ ಕೂತವರಿಗೆ ನನ್ನ ಒಲೆ ಕಾಣುವುದು ಕಷ್ಟ ಎಂದುಕೊಂಡೆ.

ಆದರೆ ಮೂರನೇ ದಿನ ಟಿಕೆಟ್ ಹಿಡಿದುಕೊಂಡು ಬಂದರು. ಜಾರ್ಜಿಯಾ ದೇಶ, ಬಟುಮಿ ಎಂಬ ಊರು. ಕಪ್ಪು ಸಮುದ್ರದ ದಂಡೆ, ಸಾಲು ಸಾಲು ಕ್ಯಾಸಿನೊಗಳು, ಕುವೈತಿನಲ್ಲಿ ವಾಸಕ್ಕೆ ಕೊಡುವ ಇಕಾಮಾ ಕಾರ್ಡು ಇದ್ದರೆ ವೀಸಾ ಬೇಡ. ಗುರುವಾರ ರಜೆ ಹಾಕಿ ಹೊರಟರೆ ಶನಿವಾರ ವಾಪಸ್. ನಾವಿಬ್ಬರೇ! ಸತ್ಯ ಹೇಳುತ್ತೇನೆ, ನನಗೆ ಅಳುವೇ ಬಂತು. ನಮ್ಮ ಹನಿಮೂನಿಗೂ ಇವರ ದೊಡ್ಡಮ್ಮ ಜೊತೆಗೆ ಬಂದಿದ್ದರು.

“ರೂಮು ಹೇಗೆ ಉಂಟು?” ಎಂದು ಕೇಳಿದೆ.

ಇವರ ಮುಖ ಅರಳಿತು. “ಅದೇ ಮುಖ್ಯ ವಿಷಯ! ಅಪಾರ್ಟ್‌ಮೆಂಟ್ ಹೋಟೆಲು. ಒಳಗೇ ಅಡುಗೆಮನೆ ಉಂಟು. ಗ್ಯಾಸು, ಪಾತ್ರೆ, ಎಲ್ಲ!”

ನಾನು ಹಲ್ಲು ಕಚ್ಚಿ ತಡೆದುಕೊಂಡೆ. ಅಡುಗೆಮನೆ ಇಲ್ಲದ ರೂಮು ದುಬಾರಿ ಇರಬಹುದು, ಪಾಪ, ಇವರಾದರೂ ಎಂತ ಮಾಡುವುದು. “ಅಡುಗೆಮನೆ ಇಲ್ಲದ ರೂಮಿಗೆ ಬಾಡಿಗೆ ಜಾಸ್ತಿಯಾ?”

“ಇಲ್ಲಪ್ಪ, ಎರಡಕ್ಕೂ ಒಂದೇ. ನಾನೇ ಕೇಳಿ ಇದನ್ನು ತಗೊಂಡೆ!”

ಹಗ್ಗ ಕಟ್ಟಿದ ಪೆಟ್ಟಿಗೆ

ಇಷ್ಟು ವರ್ಷದಲ್ಲಿ ಇವರು ವಿಮಾನ ಹತ್ತಿದ್ದು ಮಂಗಳೂರಿಗೆ ಮಾತ್ರ. ಆದ್ದರಿಂದ ಯಾವ ಊರಿಗೆ ಹೊರಟರೂ ಒಂದು ರಟ್ಟಿನ ಪೆಟ್ಟಿಗೆ ಬೇಕು, ಅದಕ್ಕೆ ನೈಲಾನ್ ಹಗ್ಗ ಬಿಗಿಯಬೇಕು, ನಾಲ್ಕೂ ಬದಿಗೆ ಮಾರ್ಕರಿನಲ್ಲಿ ಹೆಸರು ಬರೆಯಬೇಕು. ನಾನು ಎರಡು ಸೀರೆ, ಎರಡು ಚೂಡಿದಾರ ಹಿಡಿಸಿದ ಚಿಕ್ಕ ಸೂಟ್‌ಕೇಸಿನ ಪಕ್ಕದಲ್ಲಿ ಆ ಪೆಟ್ಟಿಗೆ ಬಂದು ಕೂತಿತು.

“ಇದರಲ್ಲಿ ಎಂತ ಉಂಟು?”

“ಎಂತ ಇಲ್ಲ, ಸ್ವಲ್ಪ ಸಾಮಾನು.”

ಆ ಸ್ವಲ್ಪ ಸಾಮಾನು ಎಂತದ್ದೆಂದು ನನಗೆ ಗೊತ್ತಾದದ್ದು ಬಟುಮಿಯ ವಿಮಾನ ನಿಲ್ದಾಣದಲ್ಲಿ. ಹಗ್ಗ ನೋಡಿದ ಅಲ್ಲಿನ ಅಧಿಕಾರಿಯೊಬ್ಬ ನಮ್ಮನ್ನು ಪಕ್ಕಕ್ಕೆ ಕರೆದು, ಕತ್ತರಿಸಿ ಬಿಡಿಸಿದ. ಕುಚ್ಚಲಕ್ಕಿ ಬಂತು. ಹುಣಸೆಹುಳಿ ಬಂತು. ಮೀನಿನ ಮಸಾಲೆಯ ಡಬ್ಬಿ, ಎರಡು ತೆಂಗಿನಕಾಯಿ, ತೆಂಗಿನೆಣ್ಣೆ. ಕೊನೆಗೆ, ನನ್ನ ಸ್ವಂತ ಐದು ಲೀಟರಿನ ಕುಕ್ಕರು! ಅದನ್ನು ನೋಡಿ ನನ್ನ ಸಿಟ್ಟು ನೆತ್ತಿಗೇರಿತು. ಇಬ್ಬರು ಮನುಷ್ಯರಿಗೆ ಐದು ಲೀಟರು!

ಅಧಿಕಾರಿ ಕುಕ್ಕರಿನ ಸೀಟಿಯನ್ನು ಎತ್ತಿ, ತಿರುಗಿಸಿ, ಕಿವಿಯ ಹತ್ತಿರ ಹಿಡಿದು ನೋಡಿದ. “ಯಾಕೆ ಬಂದದ್ದು?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಹೆಂಡತಿಯ ಬರ್ತ್‌ಡೇ! ಕ್ಯಾಸಿನೊ! ಹಾಲಿಡೇ!” ಎಂದರು ಇವರು.

ಅಧಿಕಾರಿ ಕುಕ್ಕರನ್ನು ನೋಡಿದ, ಅಕ್ಕಿಯನ್ನು ನೋಡಿದ, ನನ್ನ ಮುಖವನ್ನೂ ನೋಡಿದ. ಇಪ್ಪತ್ತೈದು ವರ್ಷ ಜೊತೆಗೆ ಸಂಸಾರ ಮಾಡಿದವರಿಗೆ ತಿಳಿಯದ್ದು ಅವನಿಗೆ ಐದು ನಿಮಿಷದಲ್ಲಿ ತಿಳಿಯಿತು. “ಸರ್, ನಿಮ್ಮದು ಹಾಲಿಡೇ ಸರಿ. ಮೇಡಂ ಅವರ ವರ್ಕ್ ಪರ್ಮಿಟ್ ಎಲ್ಲಿ?”

ಅಯ್ಯೋ ದೇವೆರೇ

ಗುರುವಾರ ಸಂಜೆಯೇ ರಸ್ತೆಯ ಆಚೆಗಿದ್ದ ಕ್ಯಾಸಿನೊಗೆ ಹೋದೆವು. ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡಿ, ಫೋಟೋ ತೆಗೆದು, ಒಂದೊಂದು ಕಾರ್ಡು ಕೊಟ್ಟರು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಒಳಗೆ ಮೆತ್ತನೆಯ ಕಾರ್ಪೆಟ್ಟು, ತಣ್ಣನೆಯ ಗಾಳಿ, ಮಿಣಮಿಣ ದೀಪ. ಒಬ್ಬ ಹುಡುಗಿ ಕೇಳದೆಯೇ ಚಹಾ ತಂದುಕೊಟ್ಟಳು. ನಾನು ಆ ಕಪ್ಪನ್ನು ಸ್ವಲ್ಪ ಹೊತ್ತು ಸುಮ್ಮನೆ ಹಿಡಿದುಕೊಂಡೇ ಕೂತೆ. ಇನ್ನೊಬ್ಬರು ಮಾಡಿ ಕೈಗೆ ತಂದುಕೊಟ್ಟ ಚಹಾ ಕುಡಿದು ಎಷ್ಟು ಕಾಲವಾಗಿತ್ತೋ.

ಇವರಿಗೆ ಆಡುವ ಧೈರ್ಯ ಇಲ್ಲ. ಆಡುವವರ ಹಿಂದೆ ನಿಂತು ಮರುಗುವುದರಲ್ಲೇ ಇವರಿಗೆ ಸುಖ. ತಿರುಗುವ ಚಕ್ರದ ಮೇಜಿನಲ್ಲಿ ಒಬ್ಬರು ಸೋಲುತ್ತಲೇ ಇದ್ದರು. ಗೋಲಿ ಮತ್ತೊಮ್ಮೆ ಬೇರೆ ಮನೆಯಲ್ಲಿ ಬಿದ್ದಾಗ ಇವರು ತಡೆಯಲಾರದೆ ನಮ್ಮ ತುಳುವಿನಲ್ಲೇ, “ಅಯ್ಯೋ ದೇವೆರೇ, ಪೋಂಡತ್ತಾ!” ಎಂದುಬಿಟ್ಟರು. ಹೋಯಿತಲ್ಲಾ ಎಂದು.

ಸೋತವರು ಸರ್ರನೆ ತಿರುಗಿದರು. “ಈರ್ ಒಲ್ತಾರ್?” ಎಲ್ಲಿಯವರು ನೀವು ಎಂದು.

ಅಲ್ಲಿಗೆ ನನ್ನ ಕಥೆ ಮುಗಿಯಿತು. ಚಕ್ರ ತಿರುಗುತ್ತಲೇ ಇತ್ತು, ಇವರಿಬ್ಬರು ಸಂಬಂಧ ಹುಡುಕುತ್ತಿದ್ದರು. ಅವರ ಊರು ಕಾರ್ಕಳದ ಕಡೆ, ಶುವೈಖ್‌ನಲ್ಲಿ ಕಾರಿನ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ. ಇನ್ನೆರಡು ಜೋಡಿಯ ಜೊತೆ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು, ಒಟ್ಟು ಆರು ಜನ. ಕೊನೆಗೆ ಯಾರದೋ ನಾದಿನಿಯ ಗಂಡನ ಮೂಲಕ ಸಂಬಂಧವೂ ಸಿಕ್ಕಿತು.

“ಊಟದ್ದೇ ಕಷ್ಟ ಮಾರಾಯ್ರೆ,” ಎಂದರು ಅವರು. “ಮೂರು ದಿನದಿಂದ ಬರೇ ಬ್ರೆಡ್ಡು, ಚೀಸು.”

ಇವರ ಮುಖದಲ್ಲಿ ಆ ‘ಪಾಪ’ ಮೂಡುವುದು ನನಗೆ ಕಂಡಿತು. ಓಡಿಬಂದು ಕಾಲಿಗೆ ಸರಿಯಾಗಿ ಒದ್ದೆ.

“ಒದೆಯುವುದು ಎಂತಕ್ಕೆ ಮಾರಾಯ್ತಿ? ನಾನೇ ಹೇಳ್ತೇನೆ,” ಎಂದು ಅವರತ್ತ ತಿರುಗಿದರು. “ಇವಳಿಗೆ ಹೇಳಲಿಕ್ಕೆ ನಾಚಿಕೆ. ನಾಳೆ ಇವಳ ಬರ್ತ್‌ಡೇ. ಎಲ್ಲರೂ ಊಟಕ್ಕೆ ಬನ್ನಿ. ನಮ್ಮಲ್ಲಿ ಅಡುಗೆಮನೆ ಉಂಟು!”

ಬೂತಾಯಿಯ ತಮ್ಮ

ಶುಕ್ರವಾರ ಬೆಳಿಗ್ಗೆ ಎದ್ದಾಗ ಪಕ್ಕದಲ್ಲಿ ಇವರಿರಲಿಲ್ಲ. ಹೂವು ತರಲು ಹೋಗಿರಬಹುದು ಎಂದುಕೊಂಡೆ. ಐವತ್ತು ವರ್ಷವಾದರೂ ಹೆಂಗಸಿಗೆ ಇಂಥ ಆಸೆ ಹೋಗುವುದಿಲ್ಲ ನೋಡಿ. ಬಾಗಿಲು ತೆರೆಯಿತು. ಇವರ ಕೈಯಲ್ಲಿ ನೀರು ಸೋರುವ ಪ್ಲಾಸ್ಟಿಕ್ ಚೀಲ.

“ಹ್ಯಾಪಿ ಬರ್ತ್‌ಡೇ! ನೋಡು, ನಮ್ಮ ಬೂತಾಯಿ ಮೀನಿನ ತಮ್ಮನ ಹಾಗೆಯೇ ಉಂಟು! ಎರಡು ಕಿಲೋ ತಂದೆ. ನೀನು ಬೇಗ ಕ್ಲೀನ್ ಮಾಡು, ಹನ್ನೆರಡೂವರೆಗೆ ಅವರು ಬರ್ತಾರೆ.”

ಬೆರಳುದ್ದದ ಮೀನು, ಎರಡು ಕಿಲೋ. ಒಂದೊಂದರ ತಲೆಯನ್ನೂ ನಾನೇ ತೆಗೆಯಬೇಕು.

“ನಾನು ಎಂತ ಕೇಳಿದ್ದು ನಿಮ್ಮ ಹತ್ತಿರ?” ಎಂದೆ.

“ಟ್ರಿಪ್ಪು.”

“ಒಂದು ಶುಕ್ರವಾರ ಕೇಳಿದ್ದೆ.”

“ಹೌದಲ್ಲ, ಇವತ್ತು ಶುಕ್ರವಾರವೇ ಅಲ್ವಾ?”

ಇದುವರೆಗೆ ನಾನು ಎಷ್ಟೋ ಸಲ ಕೂಗಾಡಿದ್ದೇನೆ, ಪಾತ್ರೆ ಕುಕ್ಕಿದ್ದೇನೆ. ಆವತ್ತು ಎರಡನ್ನೂ ಮಾಡಲಿಲ್ಲ. ಸ್ನಾನ ಮಾಡಿದೆ, ಇನ್ನೊಂದು ರೇಷ್ಮೆ ಸೀರೆ ಉಟ್ಟೆ, ಬ್ಯಾಗಿಗೆ ಪಾಸ್‌ಪೋರ್ಟ್ ಹಾಕಿಕೊಂಡೆ. ಚಪ್ಪಲಿ ಮೆಟ್ಟುವಾಗ ಇವರು ಮೀನಿನ ಚೀಲ ಹಿಡಿದೇ ಓಡಿಬಂದರು.

“ಎಲ್ಲಿಗೆ ಹೊರಟದ್ದು?”

“ಜೂಜಾಡಲಿಕ್ಕೆ.”

ಹೊರಗೆ ನಿಂತವರು

ಬೆಳಗಿನ ಹೊತ್ತಿನ ಕ್ಯಾಸಿನೊ ಬಿಕೋ ಎನ್ನುತ್ತಿತ್ತು. ಒಂದು ಮಿಷನ್ನಿನ ಮುಂದೆ ಹೋಗಿ ಕೂತೆ. ಅದೇ ಹುಡುಗಿ ಚಹಾ ತಂದಳು. ಖಾಲಿ ಕಪ್ಪನ್ನೂ ಅವಳೇ ತೆಗೆದುಕೊಂಡು ಹೋದಳು. ತೊಳೆಯುವವರು ಇನ್ಯಾರೋ.

ಫೋನು ಬಂತು. “ಎರಡು ಕಿಲೋ ಮೀನಿಗೆ ಹುಳಿ ಎಷ್ಟು ಹಾಕುವುದು?”

“ಗೊತ್ತಿಲ್ಲ.”

“ನಿನಗೆ ಗೊತ್ತಿಲ್ವಾ?!”

ಇಟ್ಟೆ. ಹನ್ನೆರಡೂವರೆ ದಾಟಿದ ಮೇಲೆ ಮತ್ತೆ ಬಂತು. “ಕುಚ್ಚಲಕ್ಕಿಗೆ ಎಷ್ಟು ಸೀಟಿ? ಅವರೆಲ್ಲ ಬಂದಾಯ್ತು! ಬೇಗ ಹೇಳು!”

“ಫೋನ್ ಇಡಿ. ಊರಿನಲ್ಲಿ ತಗೊಂಡ ನಮ್ಮ ಫ್ಲ್ಯಾಟನ್ನು ಪಣಕ್ಕಿಟ್ಟು ಆಡ್ತಾ ಇದ್ದೇನೆ, ತಲೆ ಕೆಡಿಸಬೇಡಿ.”

ಆ ಕಡೆ ಕುಕ್ಕರು ಕೂಗಿದ್ದು ಕೇಳಿಸಿತು. ಸೌಟು ನೆಲಕ್ಕೆ ಬಿದ್ದದ್ದೂ ಕೇಳಿಸಿತು.

ಎರಡನೇ ಚಹಾ ಮುಗಿಯುವ ಮೊದಲೇ ಬಾಗಿಲಿನ ಗಾರ್ಡು ನನ್ನ ಹತ್ತಿರ ಬಂದು, ಬಗ್ಗಿ, ಬಹಳ ಮರ್ಯಾದೆಯಿಂದ ಹೇಳಿದ. “ಮೇಡಂ, ಹೊರಗೆ ಒಬ್ಬ ಮನುಷ್ಯ ಇದ್ದಾನೆ. ಸ್ಕರ್ಟ್ ಹಾಕಿದ್ದಾನೆ. ಕೈಯಲ್ಲಿ ದೊಡ್ಡ ಚಮಚ. ಮೀನಿನ ವಾಸನೆ. ತಾನು ನಿಮ್ಮ ಗಂಡ ಅಂತಾನೆ. ಆ ಬಟ್ಟೆಯಲ್ಲಿ ಒಳಗೆ ಬಿಡಲು ಆಗುವುದಿಲ್ಲ. ಅವನ ಹಿಂದೆ ಆರು ಜನ ನಿಂತಿದ್ದಾರೆ.”

ಲುಂಗಿಯಲ್ಲೇ ಓಡಿಬಂದಿದ್ದರು.

“ಊಟ ಆಯಿತಾ ಅಂತ ಕೇಳಿ ಬನ್ನಿ,” ಎಂದೆ.

ಹೋಗಿ ಬಂದ. “ಅನ್ನ ಅಂಟಾಗಿದೆಯಂತೆ. ಮೀನು ತಳ ಹಿಡಿದಿದೆಯಂತೆ. ಫ್ಲ್ಯಾಟು ಹೋದರೆ ಹೋಗಲಿ, ನಿಮ್ಮ ಹಾಗೆ ಅಡುಗೆ ಮಾಡಲು ತನ್ನಿಂದ ಸಾಧ್ಯವೇ ಇಲ್ಲ, ಅದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಅಂತಾನೆ. ಅಳುವ ಹಾಗಿದ್ದಾನೆ ಮೇಡಂ.”

ನನಗೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ವರ್ಷ ನನ್ನ ಕೈಯ ಊಟ ಉಂಡವರು, ಒಂದು ದಿನ ಸಾರು ಚೆನ್ನಾಗಿದೆ ಎಂದವರಲ್ಲ. ಆ ಒಂದು ಮಾತು ಕೊನೆಗೂ ಬಂತು, ಅದೂ ಪರದೇಶದ ಜೂಜುಕಟ್ಟೆಯಲ್ಲಿ, ಯಾರೋ ಕಾವಲಿನವನ ಬಾಯಲ್ಲಿ, ಇಂಗ್ಲಿಷಿನಲ್ಲಿ.

“ಏನು ಹೇಳಲಿ?” ಎಂದು ಗಾರ್ಡು ಕೇಳಿದ.

“ಪಾತ್ರೆ ತೊಳೆದು, ಪ್ಯಾಂಟು ಹಾಕಿಕೊಂಡು ಬರಲಿಕ್ಕೆ ಹೇಳಿ. ಒಬ್ಬರೇ.”

ಗಾರ್ಡು ಅದನ್ನೂ ಹೋಗಿ ಹೇಳಿದ. ಬಹಳ ಹೊತ್ತಿನ ಮೇಲೆ ಇವರು ಒಬ್ಬರೇ ಬಂದರು. ಪ್ಯಾಂಟು ಹಾಕಿದ್ದರು, ಕೈ ಇನ್ನೂ ಒದ್ದೆ ಇತ್ತು, ಹೆಬ್ಬೆರಳು ಸುಟ್ಟಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಕುಸಿದು, ಮಿಷನ್ನನ್ನು ಹೆದರಿ ಹೆದರಿ ನೋಡಿ, ಸಣ್ಣ ಸ್ವರದಲ್ಲಿ ಕೇಳಿದರು, “ಫ್ಲ್ಯಾಟು... ಪೂರಾ ಹೋಯ್ತಾ?”

“ನಾನು ಆಡಲೇ ಇಲ್ಲ.”

“ಮತ್ತೆ ಬೆಳಿಗ್ಗೆಯಿಂದ ಇಲ್ಲಿ ಎಂತ ಮಾಡಿದ್ದು ನೀನು?”

“ಕೂತಿದ್ದೆ.”

ಇವರು ಬಾಯಿ ತೆರೆದು ನನ್ನನ್ನೇ ನೋಡಿದರು. ಫ್ಲ್ಯಾಟಿನ ಸುದ್ದಿ ಕೇಳಿದಾಗಲೂ ಅಷ್ಟು ಗಾಬರಿಯಾಗಿತ್ತೋ ಇಲ್ಲವೋ.

“ಸುಮ್ಮನೆ ಕೂತದ್ದಾ? ಶುಕ್ರವಾರವಾ?”