ಬಾಗಿಲು ತೆರೆದ ತಂಪುಪೆಟ್ಟಿಗೆಯವರ ಸನ್ನಿಧಾನಕ್ಕೆ

ನಮ್ಮ ನಡುಮನೆಯ ಮೂಲೆಯಲ್ಲಿ ವಿರಾಜಮಾನರಾಗಿರುವ ಶ್ರೀಮಾನ್ ತಂಪುಪೆಟ್ಟಿಗೆಯವರಿಗೆ, ಆರ್.ಟಿ. ನಗರದ ಮೇಲ್ಮಹಡಿಯಿಂದ ಕೌಸಲ್ಯಾ ಮಾಡುವ ಬೆವರಿನ ವಂದನೆಗಳು.

ಮಾನ್ಯರೇ,

ತಲೆಯ ಮೇಲೆ ಕಸೂತಿ ಬಟ್ಟೆ ಹೊದ್ದು, ಅದರ ಮೇಲೆ ಪ್ಲಾಸ್ಟಿಕ್ ಹೂದಾನಿ ಹೊತ್ತು, ಹಗಲಿರುಳೂ ಗುಂಯ್‌ಗುಡುತ್ತ ನಮ್ಮ ತಂಗಳನ್ನು ಕಾಯುತ್ತಿರುವ ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಈ ಏಪ್ರಿಲ್‌ನಲ್ಲಿ ನಮ್ಮ ಯಜಮಾನರಾದ ಶೇಷಗಿರಿಯವರು ತಮಗೆ ಬಡ್ತಿಯನ್ನೂ ಕೊಟ್ಟಿದ್ದಾರೆ. ಹೆಸರೇ ತಂಪುಪೆಟ್ಟಿಗೆಯಾದ ಮೇಲೆ ಒಳಗೆ ತಂಪು ತುಂಬಿರಲೇಬೇಕು, ಬಾಗಿಲು ತೆಗೆದರೆ ಅದು ಮನೆಯೆಲ್ಲ ಹರಡಲೇಬೇಕು ಎಂಬುದು ಅವರ ಸಂಶೋಧನೆ. "ಬಾಗ್ಲು ತೆಗೆದಿಟ್ರೆ ಆಯ್ತಲ್ಲ ಕಣೆ, ಏಸಿ ಯಾಕ್ ಬೇಕು?" ಎಂದು ಅಪ್ಪಣೆ ಕೊಡಿಸಿ, ಊಟವಾದ ಮೇಲೆ ತಮ್ಮೆದುರು ಕುರ್ಚಿ ಹಾಕಿಕೊಂಡು, ಬನಿಯನ್ ಎತ್ತಿ ಹೊಟ್ಟೆಗೆ ತಂಪು ತೆಗೆದುಕೊಳ್ಳುತ್ತಾರೆ.

ತಾವು ತಂಪನ್ನು ತಯಾರಿಸುವವರಲ್ಲ, ಒಳಗಿನ ಶಾಖವನ್ನು ಹೊತ್ತು ಬೆನ್ನ ಹಿಂದಿನ ಕೊಳವೆಗಳಿಂದ ಹೊರಗೆ ಸುರಿಯುವ ಹಮಾಲರು, ಅದಕ್ಕೆ ತಮ್ಮ ಮೋಟರಿನ ಬಿಸಿಯೂ ಸೇರಿ ಎಲ್ಲ ಇದೇ ನಡುಮನೆಗೆ ಬೀಳುವುದರಿಂದ ಮನೆ ಇನ್ನಷ್ಟು ಬಿಸಿಯಾಗುತ್ತದೆ ಎಂದು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಹೇಳಿದೆ. ಹಿತ್ತಲ ಗಿಡ ಮದ್ದಲ್ಲವಲ್ಲ. ಅವರ ಹೊಟ್ಟೆ ತಣ್ಣಗಾಯಿತು, ಮನೆ ಬೆಂದಿತು, ಮೀಟರು ಓಡಿತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ತಮ್ಮ ಬಾಗಿಲಿನ ಗೂಡಿನಲ್ಲೇ ಅತ್ತೆಯವರ ಇನ್ಸುಲಿನ್ ಇತ್ತು. ದಿನವೂ ಸೆಕೆಗೆ ಬಿದ್ದು ಅದು ಕೆಟ್ಟಿರುವುದು ನಮಗೆ ತಿಳಿದದ್ದು, ಸಕ್ಕರೆ ಏರಿ, ಕಣ್ಣು ಮಂಜಾಗಿ, ಅವರು ಬಚ್ಚಲ ಬಾಗಿಲಲ್ಲಿ ಕುಸಿದಾಗ. ಅಂದು ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಆಸ್ಪತ್ರೆಯಿಂದ ಮರಳಿದ ಅತ್ತೆಯವರು, "ನಮ್ ಶೇಷೂದೇನೂ ತಪ್ಪಿಲ್ಲಮ್ಮ, ಫ್ರಿಜ್ಜೇ ಸರಿಯಿಲ್ಲ" ಎಂದು ತೀರ್ಪು ಕೊಟ್ಟರು. ಮಗನ ತಪ್ಪು ಹೊರುವ ಹಮಾಲಿಯೂ ಈಗ ತಮ್ಮದೇ.

ಆದ್ದರಿಂದ ಆರೋಪಿಗಳಾದ ತಮ್ಮಲ್ಲಿ ಅರಿಕೆ: ಭೌತಶಾಸ್ತ್ರದ ನಿಯಮಗಳನ್ನು ಮಳೆ ಬರುವವರೆಗೆ ನಮ್ಮ ಮನೆಯ ಮಟ್ಟಿಗೆ ಸಡಿಲಿಸಬೇಕು; ಇಲ್ಲವೇ ಬೆನ್ನನ್ನು ಹೆಬ್ಬಾಳ ಕೆರೆಯವರೆಗೆ ಚಾಚಿ ಬಿಸಿಯನ್ನೆಲ್ಲ ಅಲ್ಲಿ ಸುರಿಯಬೇಕು. ಎರಡೂ ಆಗದಿದ್ದರೆ, ಯಜಮಾನರ ಕೈ ಸೋಕಿದೊಡನೆ ಬಾಗಿಲನ್ನು ಕಚ್ಚಿ ಹಿಡಿಯಬೇಕು.

ಬಾಗಿಲು ಮುಚ್ಚಿರುವಷ್ಟು ಹೊತ್ತು ಮಾತ್ರ,
ತಮ್ಮ ವಿಶ್ವಾಸಿ,
ಕೌಸಲ್ಯಾ

ತಾ.ಕ.: ತಮಗೆ ಓದು ಬಾರದೆಂದು ಬಲ್ಲೆ, ಓದಬಲ್ಲವರ ಕಣ್ಣಿಗೆ ಬೀಳಲೆಂದೇ ಇದನ್ನು ತಮ್ಮ ಬಾಗಿಲಿಗೆ ಅಂಟಿಸಿದ್ದೇನೆ. ಹೊಸ ಇನ್ಸುಲಿನ್ ಕೆಳಮನೆಯ ಅಕ್ಬರಿಯವರ ಫ್ರಿಜ್ಜಿನಲ್ಲಿದೆ. ಹೊತ್ತುಹೊತ್ತಿಗೆ ಮೆಟ್ಟಿಲಿಳಿದು ಹೋಗಿ ತರುವ ಕೆಲಸ, ಏನೂ ತಪ್ಪು ಮಾಡದ ಶೇಷಗಿರಿಯವರದು. ಹತ್ತಿ ಬರುವಷ್ಟರಲ್ಲಿ ಮೈಯೆಲ್ಲ ಬೆವರುತ್ತದಂತೆ. ಬೆವರು ಆರಿದಾಗ ಮೈ ತಾನಾಗಿಯೇ ತಂಪಾಗುತ್ತದೆ, ಅದಕ್ಕೆ ಕರೆಂಟೂ ಬೇಡ.