ಸ್ಟೂಲಿಲ್ಲದ ಮನೆ

ಬಡಗಿಗೆ ಬಾಳಿನಲ್ಲಿ ಇದ್ದದ್ದು ಒಂದೇ ಕೊರಗು: ಹೆಂಡತಿಯ ತಮ್ಮ. ಒಂದು ವಾರಕ್ಕೆಂದು ಬಂದವನು ಎಂಟು ತಿಂಗಳಾದರೂ ಹಜಾರದ ಸೋಫಾ ಬಿಟ್ಟಿರಲಿಲ್ಲ. ಆರಡಿ ಮೂರಂಗುಲದ ಆಸಾಮಿ. ಸೋಫಾದಲ್ಲಿ ಸೊಂಟದವರೆಗೆ ಹಿಡಿಸುತ್ತಿದ್ದ, ಉಳಿದದ್ದು ಓಡಾಡುವವರ ಕಾಲಿಗೆ ತೊಡರುತ್ತಿತ್ತು.

ಬಡಗಿ ಮೂರೂಮುಕ್ಕಾಲು ಅಡಿ, ಹೆಂಡತಿ ಮೂರೂವರೆ. ಮದುವೆಯಾದ ವರ್ಷವೇ ಅವನು ಮನೆಯನ್ನೆಲ್ಲ ಕಿತ್ತು ತಮ್ಮ ಅಳತೆಗೆ ಜೋಡಿಸಿದ್ದ. ಒಲೆಕಟ್ಟೆ ಸೊಂಟಕ್ಕೆ, ಸ್ವಿಚ್ಚು ಮೊಣಕೈಗೆ, ಕನ್ನಡಿ ಮುಖಕ್ಕೆ. "ನಮ್ಮನೇಲಿ ಒಂದು ಸ್ಟೂಲ್ ಹುಡುಕಿ ನೋಡೋಣ" ಎಂದು ಬಂದವರಿಗೆಲ್ಲ ಸವಾಲು ಹಾಕುತ್ತಿದ್ದ. (ಬಂದವರು ಆಗ ಹಣೆ ಉಜ್ಜಿಕೊಳ್ಳುತ್ತಿರುತ್ತಿದ್ದರು, ಬಾಗಿಲ ಚೌಕಟ್ಟೂ ಅವನದೇ ಅಳತೆ.)

ಹೀಗಿರುವಾಗ ಟಿವಿಯವರು 'ಗಿಡ್ಡ ಸಂಸಾರ, ದೊಡ್ಡ ಮನಸ್ಸು' ಎಂಬ ರಿಯಾಲಿಟಿ ಶೋಗೆ ಇವರನ್ನು ಆರಿಸಿದರು. ಹೆಸರು ಕೇಳಿ ಹೆಂಡತಿ ಎರಡು ದಿನ ಟಿವಿ ಹಾಕಲಿಲ್ಲ. ಬಡಗಿಗೆ ಮಾತ್ರ ದಾರಿ ಹೊಳೆಯಿತು.

"ನಮ್ಮಂಥೋರ ಶೋ ಕಣೇ. ಮಧ್ಯ ನಿನ್ನ ತಮ್ಮ ಕಂಬದ ಹಾಗೆ ನಿಂತ್ರೆ ಹೇಗೆ? ಬೇರೆ ರೂಮ್ ನೋಡ್ಕೊಳ್ಳಕ್ಕೆ ಹೇಳು."

"ಟಿವಿಯವರು ಬೇಡ ಅಂದ್ರೆ ಕಳಿಸ್ತೀನಿ."

ನಿರ್ದೇಶಕಿ ಬಂದವಳೇ ಕಷ್ಟ ಹುಡುಕತೊಡಗಿದಳು.

"ಮೇಲಿನ ಕಪಾಟಿಂದ ಡಬ್ಬಿ ತೆಗೀರಿ."

"ಮೇಲೆ ಕಪಾಟೇ ಇಲ್ಲ."

"ಚಿಲಕ ಎಟುಕದೆ ಒದ್ದಾಡಿ."

"ಎಟುಕುತ್ತಲ್ಲ."

"ಹೋಗ್ಲಿ, ಒಂದು ಸ್ಟೂಲಾದ್ರೂ ಹತ್ತಿ. ಹಿಂದೆ ಪಿಟೀಲು ಹಾಕ್ಕೋತೀವಿ."

"ನಾನು ಸ್ಟೂಲ್ ಹತ್ತಿದ ದಿನ ಗರಗಸ ಮುಟ್ಟೋದು ಬಿಡ್ತೀನಿ" ಎಂದು ಬಡಗಿ ಕ್ಯಾಮೆರಾ ಮುಂದೆಯೇ ಘೋಷಿಸಿದ.

ಅಷ್ಟರಲ್ಲಿ ಬಚ್ಚಲಿಂದ ಹೊರಬಂದ ಭಾವಮೈದುನ ಚೌಕಟ್ಟಿಗೆ ಧಡ್ ಎಂದು ಹಣೆ ಚಚ್ಚಿಕೊಂಡ. ನಿರ್ದೇಶಕಿಯ ಕಣ್ಣು ತುಂಬಿ ಬಂತು. ಕ್ಯಾಮೆರಾ ಅತ್ತ ತಿರುಗಿದ್ದು ಮತ್ತೆ ಇತ್ತ ತಿರುಗಲಿಲ್ಲ. ಎಂಟು ತಿಂಗಳಿಂದ ಲೋಟ ತೊಳೆಯದ ಪುಣ್ಯಾತ್ಮ ಅಂದು ಮಂಡಿಯೂರಿ ಮನೆಯ ಪಾತ್ರೆಯನ್ನೆಲ್ಲ ತೊಳೆದ, ನಿಟ್ಟುಸಿರಿನ ಸಮೇತ.

ಶೋ ಹೆಸರು 'ಎತ್ತರದ ಏಕಾಂಗಿ' ಎಂದು ಬದಲಾಯಿತು. ನೋಡಿದವರೆಲ್ಲ ಅತ್ತರು. ಆ ಬಡಗಿಗೆ ಕರುಳಿಲ್ಲವೇ ಎಂದು ಪತ್ರಗಳು ಬಂದವು.

"ಟಿವಿಯವರು ಅವನನ್ನ ಬೇಡ ಅಂತಾರೇನೋ, ಕೇಳ್ಕೊಂಡು ಬನ್ನಿ" ಎಂದಳು ಹೆಂಡತಿ.

ಕೊನೆಯ ಕಂತಿಗೆ ಟಿವಿಯವರು ಏಕಾಂಗಿಗೆ ಏಳಡಿ ಉದ್ದದ, ನಾಲ್ಕಡಿ ಎತ್ತರದ ಮಂಚ ಕಾಣಿಕೆ ತಂದರು. ಭಾವನೇ ಜೋಡಿಸಿಕೊಡಬೇಕು ಎಂಬುದು ವೀಕ್ಷಕರ ಬೇಡಿಕೆಯಂತೆ. ಬಡಗಿ ಹಲ್ಲು ಕಚ್ಚಿ ಜೋಡಿಸಿದ. ತಲೆಹಲಗೆಯ ಕೊನೆಯ ಸ್ಕ್ರೂ ಮಾತ್ರ ಎಟುಕಲಿಲ್ಲ. ತುದಿಗಾಲಲ್ಲಿ ನಿಂತ, ನೆಗೆದ, ಸ್ಕ್ರೂವನ್ನೇ ಬೈದ. ಅರ್ಧಕ್ಕೆ ಬಿಟ್ಟರೆ ಕಸುಬಿನ ಮಾನ ಹೋಗುತ್ತದೆ.

ಭಾವಮೈದುನ ಟಿವಿಯವರ ವ್ಯಾನಿಂದ ಒಂದು ಸ್ಟೂಲ್ ತಂದಿಟ್ಟ. "ಹತ್ತಿ ಭಾವ, ನಾನು ಹಿಡ್ಕೋತೀನಿ."

ಬಡಗಿ ಹತ್ತಿದ. "ಪಿಟೀಲು" ಎಂದು ನಿರ್ದೇಶಕಿ ಪಿಸುಗುಟ್ಟಿದಳು.

ವ್ಯಾನು ಬೀದಿಯ ತಿರುವು ದಾಟುತ್ತಲೇ ಬಡಗಿ ಮಂಚದ ಕಾಲು ಮೋಟು ಮಾಡಲು ಗರಗಸಕ್ಕೆ ಕೈ ಹಾಕಿದ.

"ಹ್ಞಾಂ, ಅದನ್ನ ಮುಟ್ಟಬೇಡಿ" ಎಂದಳು ಹೆಂಡತಿ. "ಊರೆಲ್ಲ ಕೇಳಿಸ್ಕೊಂಡಿದೆ."